ಐಸು ತೇಲಬೇಕು

ಕೆರಿಬಿಯನ್ ಸಮುದ್ರದ ಕಾರ್ಯಾಕೂ ದ್ವೀಪದ ವಿಂಡ್‌ವರ್ಡ್ ಊರಿನಲ್ಲಿ ಹೊಸ ದೋಣಿ ನೀರಿಗಿಳಿಯುವ ದಿನ ಪಂಚ್ ಎಂಬ ರಮ್ಮಿನ ಪಾನಕ ಕಲೆಸುವವಳು ಎನೆಲ್ಡಾ. ಅವಳೇನೂ ಕುಡಿಯುವವಳಲ್ಲ. ಜ್ಯಾಕ್ ಐರನ್ ಎನ್ನುವ ಆ ಬಿಳಿ ರಮ್ಮು ಎಷ್ಟು ಖಡಕ್ಕೆಂದರೆ, ಅದರಲ್ಲಿ ಐಸು ಕಲ್ಲಿನಂತೆ ತಳ ಸೇರುತ್ತದೆ. ನಿಂಬೆರಸ, ಸಕ್ಕರೆ ಪಾಕ, ನೀರು ಸುರಿಯುತ್ತ ಅವಳು ಬಾನಿಯ ತಳವನ್ನೇ ನೋಡುತ್ತಾಳೆ. ಐಸು ಮೆಲ್ಲಗೆ ಮೇಲೆದ್ದರೂ ಕೈ ನಿಲ್ಲಿಸದೆ, ಇನ್ನಷ್ಟು ಪಾಕ ಸೇರಿಸಿ, ಕೊನೆಗೆ ಜಾಯಿಕಾಯಿ ತುರಿಯುತ್ತಾಳೆ. ಹೊಸ ಸೊಸೆಯಾಗಿ ಬಂದಾಗ ಅತ್ತೆ ಕಲಿಸಿದ ಹದ.

ಈ ಸಲದ ದೋಣಿ ಅವಳ ಗಂಡ ಲಿಂಟನ್ನನದೇ. ಬಾದಾಮಿ ಮರದಡಿ ವರ್ಷಗಟ್ಟಲೆ ಕೂತು ಕಟ್ಟಿದ್ದು. ಹುಣ್ಣಿಮೆಯ ಉಬ್ಬರ ಇಳಿಯುವುದರೊಳಗೆ ಅದು ನೀರು ಮುಟ್ಟಬೇಕು. ಇಲ್ಲವಾದರೆ ಅಮಾವಾಸ್ಯೆಯವರೆಗೆ ಮರಳಲ್ಲೇ.

ಮೈದುನ ಕಾಸ್ಮಸ್ ಒಂದು ಗುಟುಕು ಕುಡಿದು ಮುಖ ಹಿಂಡಿದ. "ಅತ್ತಿಗೆ, ಇದನ್ನ ಚರ್ಚಿನ ಮಕ್ಕಳಿಗೆ ಹಂಚಿಬಿಡು."

ದೋಣಿ ಎಳೆದಾದ ಮೇಲೆ ಗಟ್ಟಿಯದು ಕೊಡುತ್ತೇನೆಂದು ಹೇಳಿ, ಅವಳು ಮೇಕೆ ಸಾರಿನ ಉಪ್ಪು ನೋಡಲು ಹೋದಳು. ಅಷ್ಟರಲ್ಲಿ ಅವನು ರಮ್ಮಿನ ದೊಡ್ಡ ಸೀಸೆಯನ್ನೇ ಬಾನಿಗೆ ಬಗ್ಗಿಸಿದ.

ಪಾದ್ರಿ ನೀರು ಚಿಮುಕಿಸಿದರು, ಗಂಡಸರು ದೋಣಿಗೆ ಆನಿಸಿದ್ದ ಊರೆಗೋಲು ಕಡಿದರು, ದೋಣಿ ಪಕ್ಕಕ್ಕೆ ಒರಗಿ ಉರುಳುಗಂಬಗಳ ಮೇಲೆ ಮಲಗಿತು. ಊರೆಲ್ಲ ಪಂಚ್ ಕುಡಿದು, ಹಗ್ಗ ಹಿಡಿದು ಹಾಡುತ್ತ ಎಳೆಯಿತು. ಅರ್ಧದಾರಿಯಲ್ಲಿ ದೋಣಿ ನಿಂತಿತು. ಹಾಡು ಮಾತ್ರ ನಿಲ್ಲಲಿಲ್ಲ. ಒಬ್ಬೊಬ್ಬರಾಗಿ ಮರಳಲ್ಲಿ ಕೂತರು. ಒಬ್ಬ ಉರುಳುಗಂಬವನ್ನು ತಬ್ಬಿಕೊಂಡು ಅದಕ್ಕೆ ಸಮಾಧಾನ ಹೇಳುತ್ತಿದ್ದ. ಲಿಂಟನ್ ಸಮುದ್ರ ನೋಡುತ್ತಿದ್ದ. ನೀರು ಆಗಲೇ ಹಿಂದೆ ಸರಿಯತೊಡಗಿತ್ತು.

ಎನೆಲ್ಡಾ ಬಾನಿಯೊಳಗೆ ಇಣುಕಿದಳು. ಐಸು ತಳದಲ್ಲಿತ್ತು.

ಅವಳು ಯಾರನ್ನೂ ಬೈಯಲಿಲ್ಲ. ಎಳನೀರು ತರಿಸಿ, ಐಸು ಮೇಲೆ ಬರುವ ತನಕ ಸುರಿದಳು. ಆಮೇಲೆ ನೆರೆಯ ಹೆಂಗಸರ ಜೊತೆ ಬಾನಿ ಎತ್ತಿಕೊಂಡು ಸಮುದ್ರಕ್ಕಿಳಿದು, ಸೊಂಟಮಟ್ಟದ ನೀರಿನಲ್ಲಿ ಅದನ್ನು ತೇಲಲು ಬಿಟ್ಟು ಅಂಚು ಹಿಡಿದು ನಿಂತಳು.

"ಬೇಕಾದೋರು ದೋಣಿ ತಗೊಂಡು ಬನ್ನಿ. ಬರಿಗೈಲಿ ಬಂದೋರಿಗೆ ಒಂದು ತೊಟ್ಟೂ ಇಲ್ಲ."

ಮರಳಲ್ಲಿ ಕೂತವರು ನಗುತ್ತ, ಬೈದುಕೊಳ್ಳುತ್ತ ಎದ್ದರು. ಕಾಸ್ಮಸ್ ಎಲ್ಲರಿಗಿಂತ ಮುಂದೆ ಹಗ್ಗಕ್ಕೆ ಹೆಗಲು ಕೊಟ್ಟ. ದೋಣಿ ನರಳಿತು, ಜಾರಿತು, ನೀರಲ್ಲಿ ನೆಟ್ಟಗಾಯಿತು.

ಮೊದಲ ಲೋಟ ಲಿಂಟನ್ನನಿಗೆ. ಬೆವರು ಸುರಿಸುತ್ತ ಕಾಸ್ಮಸ್ ಕೈಚಾಚಿದಾಗ ಎನೆಲ್ಡಾ ಅವನಿಗೊಂದು ಎಳನೀರು ಕೊಟ್ಟಳು.

"ನಿನ್ನ ಪಾಲು ನೀನೇ ಹಂಚಿಬಿಟ್ಟಿದೀಯಲ್ಲಪ್ಪ," ಅಂದಳು.