ಎರಡು ಬೀದಿಯ ನಡುವಿನ ಗೇಟು

ಆ ಗುರುವಾರ ನಮ್ಮ ಮನೆಯವರು ನಿಂತಲ್ಲಿ ನಿಲ್ಲಲಿಲ್ಲ. ಬಸ್ ಡಿಪೋದಲ್ಲಿ ಸೀಟು ಹೊಲಿಯುವ ಕೆಲಸ ಅವರದು. ಬಂದವರೇ ಸೀದಾ ಅಡುಗೆಮನೆಗೆ ನುಗ್ಗಿದರು.

"ಲೇ, ಭಾನುವಾರ ಲೈಬ್ರರಿಗೆ ಎರಡೂ ಬೀದಿಯವ್ರು ಬರ್ತಾರಂತೆ ಕಣೇ!"

"ಹೊಡೆದಾಡೋಕಾ?"

"ಮಾತಾಡೋಕೆ! ನಡೆಸೋನು ನಾನು. ಗೇಟು ತೆಗೆದ್ರೆ ನಿಮ್ಮಮ್ಮ ನಮ್ಮನೆಗೆ ಬರ್ಬೋದು."

"ಮೊದ್ಲು ಚಪ್ಪಲಿ ಬಿಡಿ."

ನಮ್ಮದು ಮೇಲಿನ ಬೀದಿ, ನನ್ನ ತವರು ಕೆಳಗಿನ ಬೀದಿ. ನಡುವೆ ನೂರು ಹೆಜ್ಜೆಯ ಓಣಿ. ಹನ್ನೊಂದು ವರ್ಷದ ಹಿಂದೆ ಒಂದು ಸೈಕಲ್ ಕಳುವಾಯಿತು. ಮೇಲಿನವರು ಕೆಳಗಿನವರನ್ನು ಕಳ್ಳರೆಂದರು, ಓಣಿಗೆ ಗೇಟು ಹಾಕಿ ಬೀಗ ಜಡಿದರು. ದೊಡ್ಡ ರಸ್ತೆ ಸುತ್ತಿ ಬರಲು ಅಮ್ಮನ ಮಂಡಿ ಕೇಳುವುದಿಲ್ಲ.

ಸುತ್ತಿನ ಊರುಗಳಿಗೆಲ್ಲ ಸೇರಿದ ಒಂದು ಸಂಸ್ಥೆ ಇದೆ. ಲೈಬ್ರರಿಯಲ್ಲಿ ಜನರನ್ನು ಕೂರಿಸಿ ಕಥೆ ಓದಿಸುತ್ತದೆ, ಊರಿನ ಚರಿತ್ರೆ ಕೆದಕಿಸುತ್ತದೆ, ಮಾತಾಡಿಸುತ್ತದೆ. ಅಲ್ಲಿನ ಮೇಡಂ ಇವರಿಗೆ ಆರು ತಿಂಗಳು ಸಭೆ ನಡೆಸುವುದನ್ನು ಕಲಿಸಿದ್ದರು. ಅವರದೊಂದು ಕಟ್ಟಳೆ: ಎದುರಿನವನು ಹೇಳಿದ್ದನ್ನು ಮೊದಲು ನೀನು ಹೇಳಬೇಕು. ಅವನು "ಹೌದು, ಅದೇ" ಎಂದ ಮೇಲೆಯೇ ನಿನ್ನ ಮಾತು. ಇವರು ಅದನ್ನು ಮನೆಗೂ ತಂದರು. ಉಪ್ಪು ಕಮ್ಮಿ ಎನ್ನಲು ಅವರು ಮೊದಲು ನನ್ನ ಇಡೀ ದಿನದ ಗೋಳು ಒಪ್ಪಿಸಬೇಕಾಗುತ್ತಿತ್ತು.

ಶುಕ್ರವಾರ ಡಿಪೋದಲ್ಲಿ, ಅರ್ಧ ಹೊಲಿದ ಸೀಟಿನ ಮೇಲೆ ಒರಗಿದವರು ಮತ್ತೆ ಏಳಲೇ ಇಲ್ಲ. ಭಾನುವಾರದ ಸಭೆ ನಿಂತಿತು.

ತಿಂಗಳಾದ ಮೇಲೆ ಮೇಡಂ ಬಂದರು. "ಅಕ್ಕಾ, ನಡೆಸೋರಿಲ್ಲ. ಎರಡೂ ಬೀದಿಯವ್ರು ಸಭೆ ಬೇಡ ಅಂತಿದಾರೆ."

"ನಾನಿದೀನಲ್ಲ. ಓದಿರೋದು ನಾಕನೇ ಕ್ಲಾಸು. ಆದ್ರೆ ಅವ್ರು ಆ ಕಟ್ಟಳೆ ರೂಢಿ ಮಾಡ್ಕೊಂಡಿದ್ದು ನನ್ನ ಮೇಲೇನೇ."

ಲೈಬ್ರರಿಗೆ ಅರವತ್ತು ಜನ ಬಂದರು. ಕೆಳಗಿನ ಬೀದಿಯ ಪೇಂಟರ್ ಎದ್ದ. "ಎಲ್ಲರೆದುರು ನನ್ನ ಮನೆ ಜಾಲಾಡಿದ್ರಿ. ನನ್ನ ಮಗ್ಳು ನಾಚಿಕೆಗೆ ಸ್ಕೂಲು ಬಿಟ್ಲು."

ಮೇಲಿನ ಬೀದಿಯ ದಿನಸಿ ಅಂಗಡಿಯವರು ಎಗರಿದರು. ಕಳುವಾದ ಸೈಕಲ್ ಅವರದೇ. "ಅದು ಹಂಗಲ್ಲ..."

"ಅಣ್ಣಾ, ಮೊದ್ಲು ಅವ್ನ ಮಾತು ಹೇಳಿ."

"ನೀನ್ಯಾರಮ್ಮ ನಂಗೆ ಹೇಳೋಕೆ?"

"ಸೀಟು ಹೊಲಿಯೋರ ಹೆಂಡ್ತಿ. ಹೇಳಿ."

"ಇವ್ನ ಮನೆ ನೋಡಿದ್ವಂತೆ."

"ಅದಲ್ಲ," ಎಂದ ಪೇಂಟರ್.

ಎರಡನೇ ಸಲವೂ ತಪ್ಪು. ಮೂರನೇ ಸಲ ಅಂಗಡಿಯವರು ನೆಲ ನೋಡಿಕೊಂಡು ಹೇಳಿದರು: "ನಾನು ಎಲ್ಲರೆದುರು ಇವ್ನ ಮನೆ ಜಾಲಾಡಿದೆ. ಅದ್ರಿಂದ ಆ ಮಗು ಸ್ಕೂಲು ಬಿಡ್ತು."

"ಹೌದು, ಅದೇ."

ಜನ ಹೋ ಎಂದರು. ನಾನು ಕುರ್ಚಿ ಬಿಟ್ಟು ಎದ್ದೇ ನಿಂತಿದ್ದೆ! ಹಗಲು ಗೇಟು ತೆಗೆಯುವುದೆಂದಾಯಿತು. ಆದರೆ ಬೀಗದಕೈ ಯಾರ ಹತ್ತಿರ? ಮತ್ತೆ ಗದ್ದಲ.

"ಒಂದು ಬೀದಿ ನನ್ನ ತವರು, ಒಂದು ನನ್ನ ಗಂಡನ ಮನೆ. ಕೊಡಿ ಇಲ್ಲಿ," ಎಂದೆ. ಅಂಗಡಿಯವರು ಬೀಗದಕೈ ತಂದು ನನ್ನ ಕೈಗಿಟ್ಟರು.

ಈಗ ದಿನಾ ಬೆಳಗ್ಗೆ ಆರಕ್ಕೆ ಹೋಗಿ ಬೀಗ ತೆಗೆಯುತ್ತೇನೆ. ಆಚೆ ಕಡೆ ಅಮ್ಮ ಆಗಲೇ ನಿಂತಿರುತ್ತಾಳೆ. "ಎಷ್ಟೊತ್ತೇ ನಿಂದು!" ಎಂದು ಬೈಯುತ್ತಾಳೆ. ಗೇಟು ಭಾರ. ಎರಡೂ ಕೈಯಲ್ಲಿ ತಳ್ಳುತ್ತೇನೆ.