ಛಾಪಾ ಕಾಣದ ವಿಮೆ ಕಾಗದ

ಆ ಬೆಳಿಗ್ಗೆ ನನ್ನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ನನ್ನದೇ ಹೆಸರಿನ ಲಗೇಜ್ ಆಟೊ ಮನೆ ಮುಂದೆ ನಿಂತಿತ್ತು. ಸೆಕೆಂಡ್ ಹ್ಯಾಂಡ್ ಆದರೇನು, ತೊಳೆದು ಕುಂಕುಮ ಇಟ್ಟ ಮೇಲೆ ಮಿರಮಿರ ಮಿಂಚುತ್ತಿತ್ತು. ಇಷ್ಟು ವರ್ಷ ಹೊಂಗನೂರಿನಿಂದ ರಾಮನಗರದ ಮಾರುಕಟ್ಟೆಗೆ ನಮ್ಮ ರೇಷ್ಮೆ ಗೂಡು ಹೋಗುತ್ತಿದ್ದದ್ದು ಬಾಡಿಗೆ ಗಾಡಿಯಲ್ಲಿ. ಅವರು ಬಂದದ್ದೇ ಹೊತ್ತು, ಹೇಳಿದ್ದೇ ರೇಟು. ಇವತ್ತು ನಾನೇ ಓಡಿಸಿಕೊಂಡು ಹೋಗುವುದು! ಲೈಸೆನ್ಸ್ ಕೈಗೆ ಬಂದಾಗಲೂ ಇಷ್ಟು ಖುಷಿಯಾಗಿರಲಿಲ್ಲ.

ಗೂಡಿನ ಚೀಲ ಹೇರಲು ಹೋದರೆ ಅತ್ತೆ ಅಡ್ಡ ನಿಂತರು. ವಿಮೆ ಕಾಗದ ತೋರಿಸು ಅಂದರು. ಹಿಂದಿನ ಸಂಜೆ ಚನ್ನಪಟ್ಟಣದಲ್ಲಿ ಮಾಡಿಸಿ ಪ್ರಿಂಟ್ ತೆಗೆಸಿದ್ದೆ, ಜಂಬದಿಂದಲೇ ಕೊಟ್ಟೆ. ಅವರು ಅದನ್ನು ಹಿಂದೆ ಮುಂದೆ ತಿರುಗಿಸಿದರು, ಬೆಳಕಿಗೆ ಹಿಡಿದರು.

“ಇದ್ರಲ್ಲಿ ಛಾಪಾ ಎಲ್ಲೈತೆ?”

ಛಾಪಾ, ಅಂದರೆ ಸ್ಟಾಂಪು, ಇಲ್ಲದ ಹಾಳೆ ಅತ್ತೆಯ ಪಾಲಿಗೆ ಕಾಗದವೇ ಅಲ್ಲ. ಮಾವ ತೀರಿಕೊಂಡ ಮೇಲೆ ಅವರ ಮೈದುನಂದಿರು ಕೆರೆ ಪಕ್ಕದ ಗದ್ದೆ ನಿಮಗೇ ಎಂದು ಬಿಳಿ ಹಾಳೆಯಲ್ಲಿ ಬರೆದುಕೊಟ್ಟು, ಆಮೇಲೆ ಕೈ ಎತ್ತಿದ್ದರು. ಛಾಪಾ ಇಲ್ಲದ ಹಾಳೆ ನಡೆಯುವುದಿಲ್ಲ ಎಂದು ವಕೀಲರೂ ಹೇಳಿಬಿಟ್ಟರು. ಗದ್ದೆ ಹೋಯಿತು, ಅತ್ತೆಯ ಸಿಟ್ಟು ಮಾತ್ರ ಹೋಗಲಿಲ್ಲ.

ನಾನು ಕೆಳಗಿನ ಇರುವೆ ಸಾಲಿನಂಥ ಅಕ್ಷರ ತೋರಿಸಿದೆ. ಸ್ಟಾಂಪ್ ಸುಂಕವನ್ನು ವಿಮೆ ಕಂಪನಿಯವರೇ ಒಟ್ಟಾಗಿ ಸರ್ಕಾರಕ್ಕೆ ಕಟ್ಟಿದ್ದಾರೆ, ಈಗ ಒಂದೊಂದು ಕಾಗದಕ್ಕೂ ಅಂಟಿಸುವುದಿಲ್ಲ ಎಂದೆ. ಕಟ್ಟಿದ್ದನ್ನು ಕಂಡವರು ಯಾರು ಎಂದರು. ಬಾಡಿಗೆ ಗಾಡಿಗೇ ಫೋನ್ ಮಾಡು ಎಂದೂ ಸೇರಿಸಿದರು. ನನ್ನ ಗಂಡ ನಮ್ಮಿಬ್ಬರ ನಡುವೆ ಸಿಕ್ಕಿಕೊಳ್ಳುವುದು ಬೇಡವೆಂದು ಹಿಪ್ಪುನೇರಳೆ ತೋಟದ ಕಡೆ ಜಾರಿಕೊಂಡ.

ನನಗೆ ಮೈಯೆಲ್ಲ ಉರಿಯಿತು. ಹರಾಜಿನ ಹೊತ್ತಾಗುತ್ತಿತ್ತು. ತಡ ಮಾಡಿದರೆ ಚಿಟ್ಟೆ ಗೂಡು ತೂತು ಮಾಡಿಕೊಂಡು ಬರುತ್ತದೆ, ಆಮೇಲೆ ಕೇಳುವವರಿಲ್ಲ. ಅದಕ್ಕಿಂತ ಹೆಚ್ಚಾಗಿ, ಮೊದಲ ಲೋಡು ನನ್ನ ಗಾಡಿಯಲ್ಲೇ ಹೋಗಬೇಕಿತ್ತು. ಮೊಬೈಲಿನಲ್ಲಿ ಆ ಸಾಲನ್ನು ದೊಡ್ಡದು ಮಾಡಿ, ಇಂಗ್ಲಿಷನ್ನು ಒಂದೊಂದೇ ಪದ ಕನ್ನಡ ಮಾಡಿ ಓದಿದೆ. ಅತ್ತೆ ಒಸಿ ಮೆತ್ತಗಾದರು. ಸರಿ, ನಮ್ಮ ಗಾಡಿ ಜಖಂ ಆದರೆ ಇದು ಎಷ್ಟು ಕೊಡುತ್ತದೆ ಎಂದು ಕೇಳಿದರು.

ಸುಳ್ಳು ಹೇಳಲು ಬಾಯಿ ಬರಲಿಲ್ಲ. ನಮ್ಮ ಗಾಡಿಗೆ ಏನೂ ಇಲ್ಲ, ಇದು ಕಡ್ಡಾಯದ ವಿಮೆ, ನಾವು ಯಾರಿಗಾದರೂ ಗುದ್ದಿದರೆ ಅವರಿಗೆ ಪರಿಹಾರ ಎಂದೆ. ಹೇಳಿದ ಮೇಲೆ ಕೆಲಸ ಕೆಟ್ಟಿತು ಅನ್ನಿಸಿತು.

ಅತ್ತೆ ಕಾಗದವನ್ನೇ ನೋಡುತ್ತ ನಿಂತರು. ಯಾರಿಗೆ ಅಂದರೆ ಯಾರಿಗೆ ಎಂದು ಕೇಳಿದರು. ದಾರಿಯಲ್ಲಿ ಹೋಗುವ ಯಾರಿಗಾದರೂ, ಗುರುತಿಲ್ಲದವರಿಗೂ ಎಂದೆ.

“ನಮ್ಮೋರೇ ನಮ್ಗೆ ಛಾಪಾ ಹಾಕಿ ಬರ್ಕೊಡ್ನಿಲ್ಲ. ನೀನು ಗುರ್ತಿಲ್ದೋರಿಗೆಲ್ಲ ಬರ್ಕೊಟ್ಟಿದ್ದೀಯಲ್ಲವ್ವ” ಅಂದರು. ಆಮೇಲೆ ತಾವೇ ಒಂದು ಚೀಲ ಎತ್ತಿ ಗಾಡಿಗೆ ಹಾಕಿದರು.

ಬರುತ್ತೇನೆಂದು ಹೇಳದೆಯೇ ಸೆರಗು ಸಿಕ್ಕಿಸಿಕೊಂಡು ನನ್ನ ಪಕ್ಕ ಹತ್ತಿ ಕುಳಿತರು. ನನಗೆ ಕೂಗಬೇಕು ಅನ್ನಿಸುವಷ್ಟು ಸಂತೋಷ. ಚನ್ನಪಟ್ಟಣದ ಬೊಂಬೆ ಅಂಗಡಿ ದಾಟಿ ಹೆದ್ದಾರಿ ಸಿಕ್ಕಿದ್ದೇ ತಡ, ಗಾಡಿಯನ್ನು ಜೋರಾಗಿ ಬಿಟ್ಟೆ. ಅತ್ತೆ ನನ್ನ ತೋಳಿನ ಮೇಲೆ ಕೈಯಿಟ್ಟರು.

“ಮೆಲ್ಲುಕ್ ಓಡ್ಸು ಮಗ. ಆ ಕಾಗ್ದ ಯಾರ್ಗೂ ಬೇಕಾಗ್ಬಾರ್ದು.”