ಐದು ಫೋನುಗಳಿಗೆ ವಿಭೂತಿ

ನೆಲದ ಮೇಲೆ ಗಡಿಗೆ ಇಲ್ಲ ಎಂದು ನಾವು ಹೇಳುವಾಗ, ಆ 'ಇಲ್ಲ' ಎಂಬುದೂ ಇರುವ ಸಂಗತಿಗಳ ಸಾಲಿಗೇ ಸೇರುತ್ತದೆ ಎನ್ನುತ್ತದೆ ನಮ್ಮ ತರ್ಕಶಾಸ್ತ್ರ. ಅದಕ್ಕೆ ಅಭಾವ ಎಂದು ಹೆಸರು. ಏಳು ಪದಾರ್ಥಗಳಲ್ಲಿ ಅದು ಏಳನೆಯದು. ಮಠದ ಪಾಠಶಾಲೆಯಲ್ಲಿ ಗುರುಗಳ ಎದುರು ಕುಳಿತು ಇಷ್ಟನ್ನು ಮನಗಾಣಲು ನನಗೆ ಒಂದು ವರ್ಷ ಬೇಕಾಯಿತು. ಆ ಅಭಾವಕ್ಕೆ ಪೇಟೆಯಲ್ಲಿ ದರವೂ ಉಂಟು, ಅದನ್ನು ಬೀದರದಲ್ಲಿ ಕೊಂಡು ಔರಾದದಲ್ಲಿ ಮಾರಬಹುದು ಎಂಬುದನ್ನು ಮಾತ್ರ, ಶಾಸ್ತ್ರದ ಗಂಧವೂ ತಾಕದ ನನ್ನ ತಂಗಿ, ನನಗೆ ಎಪ್ಪತ್ತು ದಾಟಿದ ಮೇಲೆ ಕಲಿಸಿಕೊಟ್ಟಳು.

ತಂಗಿಯದು ಭಾಲ್ಕಿಯಲ್ಲಿ ಒಂದು ಬಳೆ ಅಂಗಡಿ. ಓಣಿಯ ನಾಲ್ವರು ಹೆಂಗಸರನ್ನು ಕೂಡಿಸಿಕೊಂಡು ಆಕೆ ಒಂದು ಭಜನೆಯ ಬಳಗವನ್ನೂ ನಡೆಸುತ್ತಾಳೆ. ಸೋಮವಾರ ಸಂಜೆ ಅವರ ಹಾಡು ಕೇಳುವುದು ನನಗೆ ನಿಜವಾಗಿಯೂ ಪುಣ್ಯದ ಗಳಿಗೆ. ಬೀದರದಿಂದ ರೈಲು ಹತ್ತಿ ಹೋಗಿ ಕೇಳಿದ್ದುಂಟು. ಅವರ ಹಾರ್ಮೋನಿಯಂ ಮಾತ್ರ ಮುಪ್ಪಿನಿಂದ ದಮ್ಮು ಕಟ್ಟಿ ಕೂತಿತ್ತು. ಗಾಳಿ ತುಂಬುವ ತಿದಿ ಹರಿದು, ಸ್ವರಕ್ಕಿಂತ ಉಸಿರೇ ಹೆಚ್ಚು ಕೇಳುತ್ತಿತ್ತು. ಹೊಸದೊಂದನ್ನು ಕೊಳ್ಳಲು ಐವರೂ ತಿಂಗಳು ತಿಂಗಳು ಭಿಶಿ ಕಟ್ಟುತ್ತಿದ್ದರು. ಭಿಶಿ ಎಂದರೆ ನಮ್ಮ ಕಡೆ ಹೆಂಗಸರು ಒಟ್ಟಾಗಿ ಹಣ ಕೂಡಿಡುವ ಪದ್ಧತಿ. ಬರುವ ಶ್ರಾವಣದ ಮೊದಲ ಸೋಮವಾರ ಹೊಸ ಪೆಟ್ಟಿಗೆಯ ಮುಂದೆ ಕುಳಿತು ಹಾಡುವುದಾಗಿ ಅವರು ಓಣಿಗೆಲ್ಲ ಹೇಳಿಕೊಂಡಿದ್ದರು. ಭಿಶಿ ಮಾತ್ರ ಹಾರ್ಮೋನಿಯಂನ ಅರ್ಧಕ್ಕೆ ಬಂದು ಆಯಾಸಗೊಂಡಿತ್ತು.

ಹೀಗಿರುವಾಗ ತಂಗಿ ಒಮ್ಮೆ ತನ್ನ ಫೋನಿಗೆ ಗಾಜು ಹಚ್ಚಿಸಲು ಬೀದರದ ಒಂದು ದೊಡ್ಡ ಮೊಬೈಲ್ ಅಂಗಡಿಗೆ ಬಂದಳು. ಅಂದು ಯಾವುದೋ ಹೊಸ ಫೋನು ಬಿಡುಗಡೆಯಾಗುವ ದಿನ. ಕಂಪನಿಯವರು ದೊಡ್ಡ ಊರುಗಳಿಗೆ ಗಾಡಿಗಟ್ಟಲೆ ಕಳಿಸಿ, ನಮ್ಮ ಜಿಲ್ಲೆಗೆ ಚಿಟಿಕೆಯಷ್ಟು ಉದುರಿಸಿದ್ದರು. ಗಂಡಸರ ಸಾಲು ರಸ್ತೆ ದಾಟಿ ಚಹಾದ ಹೋಟೆಲಿನವರೆಗೆ ಹರಿದಿತ್ತು. ಅಂಗಡಿಯ ಯಜಮಾನರು ಮರ್ಯಾದಸ್ಥರು. ರೇಷನ್ ಅಂಗಡಿಯಲ್ಲಿ ಇರುವಂತೆ ಹೆಂಗಸರಿಗೆ ಬೇರೆ ಸಾಲು ಮಾಡಿದ್ದರು. ಆ ಸಾಲಿನಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಗಂಡಸರ ಸಾಲಿನ ಕೊನೆಯಲ್ಲಿದ್ದವನೊಬ್ಬ ನನ್ನ ತಂಗಿಗೆ ಕೈ ಮುಗಿದ.

"ಮೌಶಿ, ನನ್ನ ಸಲುವಾಗಿ ಆಕಡಿ ಪಾಳಿಗಿ ನಿಂತು ಒಂದು ಫೋನ್ ತಗೊಡ್ರಿ. ರೊಕ್ಕ ತಗೋರಿ. ಚಹಾಕ್ಕಂತ ಮ್ಯಾಲ ಬೇರೆ ಕೊಡ್ತೀನ್ರಿ."

ಎರಡು ನಿಮಿಷದಲ್ಲಿ ಫೋನು ಬಂತು. ಚಹಾಕ್ಕೆಂದು ಅವನು ಕೊಟ್ಟ ಹಣದಲ್ಲಿ ಒಂದು ಓಣಿಗೆಲ್ಲ ಚಹಾ ಕುಡಿಸಬಹುದಿತ್ತು. ತಂಗಿ ಚಹಾ ಕುಡಿಯಲಿಲ್ಲ. ನೆಟ್ಟಗೆ ರೈಲು ಹತ್ತಿ ಭಾಲ್ಕಿಗೆ ಹೋಗಿ ಭಜನೆಯ ಬಳಗವನ್ನು ಕರೆದಳು.

ಮುಂದಿನ ಬಿಡುಗಡೆಯ ದಿನ ಬೆಳಗ್ಗೆ ಹೆಂಗಸರ ಸಾಲಿನಲ್ಲಿ ಐವರು ನಿಂತಿದ್ದರು. ಹಣೆಯ ತುಂಬ ವಿಭೂತಿ, ತಲೆಯ ಮೇಲೆ ಸೆರಗು, ಕೈಯಲ್ಲಿ ಆಧಾರ್ ಕಾರ್ಡು. ಒಬ್ಬರಿಗೆ ಒಂದೇ ಎಂಬ ನಿಯಮವನ್ನು ಕೂದಲೆಳೆಯಷ್ಟೂ ಮೀರದೆ, ಭಿಶಿಯ ಹಣಕ್ಕೆ ಕೈಗಡ ಸೇರಿಸಿ ಐವರೂ ಒಂದೊಂದು ಕೊಂಡರು. ರೈಲಿಲ್ಲದ ಔರಾದಕ್ಕೆ ಬಸ್ಸಿನಲ್ಲಿ ಹೋಗಿ, ಅಲ್ಲಿಯ ವ್ಯಾಪಾರಸ್ಥರಿಗೆ ತಂಗಿ ಅವನ್ನು ಮುಟ್ಟಿಸಿದಳು. ಬೀದರದಲ್ಲೇ ಸಿಗದ ವಸ್ತು ಔರಾದದ ಕಟ್ಟೆಯ ಮೇಲೆ ಮಿಂಚುವುದೆಂದರೆ ಅದರ ಗತ್ತೇ ಬೇರೆ. ಗತ್ತಿಗೆ ಅವರು ಸಂತೋಷದಿಂದಲೇ ಹಣ ತೆತ್ತರು. ಹೀಗೆ ಎರಡು ಬಿಡುಗಡೆಗಳು ಕಳೆದವು. ಭಿಶಿ ಕೊಬ್ಬಿತು.

ವಿಷಯ ತಿಳಿದಾಗ ನಾನು ಹಿರಿಯನ ಗಾಂಭೀರ್ಯದಿಂದ ಮಾತೆತ್ತಿದೆ.

"ತಂಗೀ, ಇದಕ್ಕ ಬ್ಲ್ಯಾಕ್‌ನಾಗ ಮಾರೂದು ಅಂತಾರ. ಹಿಂದಕ ಟಾಕೀಜಿನ ಮುಂದ ಟಿಕೀಟು ಮಾರ್ತಿದ್ರಲ್ಲ, ಅದೇ ಇದು."

"ಬ್ಲ್ಯಾಕ್ ಎಲ್ಲಿದಣ್ಣಾ? ಪಕ್ಕಾ ಬಿಲ್ ಅದ ನೋಡು. ಫೋನಿಂದು ಬಿಲ್ಲಿನಾಗ ಎಷ್ಟದನೋ ಅಷ್ಟೇ ತಗೋತೇನಿ. ಮ್ಯಾಲಿಂದು ಪಾಳಿದು. ನಾ ಫೋನ್ ಮಾರಲ್ಲ, ಪಾಳಿ ಮಾರ್ತೇನಿ. ನಿಂತು ನಿಂತು ಮೊಳಕಾಲು ಹಿಡೀತಾವ, ಗೊತ್ತದನು? ಇದೂ ಕಾಯಕನೇ."

ಕಾಯಕವೆಂಬ ದೊಡ್ಡ ಮಾತು ಇಷ್ಟು ಸಣ್ಣ ಬಾಗಿಲಿನಿಂದ ಒಳಬರುವುದೆಂದು ನಾನು ಎಣಿಸಿರಲಿಲ್ಲ. ಉತ್ತರ ತೋಚದಾಗ ಪಂಡಿತರು ಮಾಡುವುದನ್ನೇ ನಾನೂ ಮಾಡಿದೆ. ಶಬ್ದದ ಮೂಲಕ್ಕೆ ಹೋದೆ. ಪಾಳಿ ಎಂಬುದು ಸಂಸ್ಕೃತದಲ್ಲಿಯೂ ಉಂಟು, ಸಾಲು ಎಂದೇ ಅರ್ಥ, ಸಾಲು ಎಂದಮೇಲೆ ಅದು ಎಲ್ಲರದು, ಒಬ್ಬರು ಮಾರುವಂಥದಲ್ಲ ಎಂದು ವಿವರಿಸಿದೆ.

"ಸಂಸ್ಕೃತದಾಗೂ ಅದನಾ?" ಎಂದಳು ತಂಗಿ, ಕಣ್ಣರಳಿಸಿ. "ಹಂಗಾದ್ರ ಪವಿತ್ರನೇ ಆತಲ್ಲ. ನೀ ಮೊದ್ಲೇ ಹೇಳಬೇಕಿಲ್ಲೇನು?"

ಮೂರನೆಯ ಬಿಡುಗಡೆ ಬಂತು. ಶ್ರಾವಣಕ್ಕೆ ಇನ್ನು ಎರಡು ವಾರ. ಇದೊಂದು ಸಲ ನಡೆದರೆ ಹಾರ್ಮೋನಿಯಂ ಮನೆಗೆ ಬಂದಂತೆಯೇ ಎಂದು ತಂಗಿ ಇಡೀ ಭಿಶಿಯನ್ನು ತೆಗೆದು, ಸಾಲದ್ದಕ್ಕೆ ತನ್ನ ಅಂಗಡಿಗೆ ಬಳೆ ತರಿಸಲು ಇಟ್ಟ ಹಣವನ್ನೂ ಕೂಡಿಸಿದಳು. ಅಂದು ನಾನೂ ಅಂಗಡಿಯ ಎದುರಿನ ಬೇವಿನ ನೆರಳಿನಲ್ಲಿ ನಿಂತಿದ್ದೆ. ತಂಗಿಯನ್ನು ತಿದ್ದಲು ಬಂದೆನೆಂದು ಹೇಳಿಕೊಳ್ಳುತ್ತಿದ್ದೆ. ವಾಸ್ತವದಲ್ಲಿ ಐವರ ಚೀಲಗಳೂ ನನ್ನ ಹೆಗಲಿಗಿದ್ದವು. ಬಾಗಿಲು ತೆರೆದೊಡನೆ ಅವರು ಎಂದಿನಂತೆ ಮೊದಲಿಗರಾಗಿ ಒಳಗೆ ಹೋದರು, ಫೋನು ಕೊಂಡರು, ಬಿಲ್ಲು ಮಾಡಿಸಿದರು. ಅಷ್ಟರಲ್ಲಿ ಪಕ್ಕದ ಗಲ್ಲಿಗೆ ಒಂದು ಟೆಂಪೋ ಬಂದು ನಿಂತಿತು. ಆಳುಗಳು ಅದರಿಂದ ಫೋನು ತುಂಬಿದ ರಟ್ಟಿನ ಖೋಕೆಗಳನ್ನು ಇಳಿಸತೊಡಗಿದರು. ಇಳಿಸಿದರು, ಮತ್ತೆ ಇಳಿಸಿದರು. ಗೋಡೆಯ ಎತ್ತರಕ್ಕೆ ಖೋಕೆಗಳು ಏರಿದವು. ಅನ್ನಪೂರ್ಣೆಯ ಭಂಡಾರವನ್ನು ಕಂಡಂತಾಗಿ ನಾನು ಕೈ ಮುಗಿದೆ. ಹೊರಬಂದ ತಂಗಿಗೆ ಹಿಗ್ಗಿನಿಂದ ಹೇಳಿದೆ:

"ನೋಡು ತಂಗೀ, ಈ ಸಲ ಯಾರೂ ಬರಿಗೈಲೆ ಹೋಗಂಗಿಲ್ಲ. ಎಲ್ಲರಿಗೂ ಆಗುವಷ್ಟು ಬಂದದ."

ಆಕೆಯ ಮುಖದ ಬಣ್ಣ ಇಳಿದದ್ದನ್ನು ನಾನು ಆಯಾಸವೆಂದು ತಿಳಿದೆ.

ಕಂಪನಿಯವರಿಗೆ ನಮ್ಮ ಜಿಲ್ಲೆಯ ಮೇಲೆ ಏಕಾಏಕಿ ಕರುಣೆ ಹುಟ್ಟಿತ್ತು. ಮಧ್ಯಾಹ್ನದ ಹೊತ್ತಿಗೆ ಗಂಡಸರ ಸಾಲೂ ಕರಗಿ, ಕೆಲಸದ ಹುಡುಗರು ಬೀದಿಯಲ್ಲಿ ಹೋಗುವವರನ್ನೇ ಕರೆಯುತ್ತಿದ್ದರು. ಏಳನೆಯ ಪದಾರ್ಥ ನಾಶವಾಗಿ ಅಲ್ಲಿ ಮಿಕ್ಕ ಆರೇ ಉಳಿದಿದ್ದವು. ತಂಗಿ ಮಾತ್ರ ಆಸೆ ಬಿಡಲಿಲ್ಲ. ಮರುದಿನ ಬೀದರದಿಂದಲೇ ಔರಾದದ ಬಸ್ಸು ಹಿಡಿಯುವುದಾಗಿ ಹೇಳಿ, ಐದೂ ಡಬ್ಬಿಗಳನ್ನು ನನ್ನ ಮನೆಯಲ್ಲಿಟ್ಟು, ಬಳಗದೊಡನೆ ಭಾಲ್ಕಿಗೆ ಹೊರಟಳು. "ಜ್ವಾಕಿಯಿಂದ ನೋಡ್ಕೋಣ್ಣಾ" ಎಂದಷ್ಟೇ ಹೇಳಿದಳು.

ಜೋಪಾನವಾಗಿ ನೋಡಿಕೊಳ್ಳುವುದೆಂದರೆ ಏನು? ನಮ್ಮ ಮನೆಗೆ ಹೊಸತಾಗಿ ಬಂದದ್ದು ಏನೇ ಇರಲಿ, ಕುಡುಗೋಲಾಗಲಿ, ಸೈಕಲ್ಲಾಗಲಿ, ಪುಸ್ತಕವಾಗಲಿ, ಮೊದಲು ಅದಕ್ಕೆ ವಿಭೂತಿ ಏರಬೇಕು, ಹೂವು ಏರಬೇಕು. ಆಮೇಲೆಯೇ ಮನುಷ್ಯರ ಕೈ. ನನ್ನ ತಂದೆಯವರು ನಡೆಸಿದ್ದು ಹೀಗೆ, ನಾನು ನಡೆಸಿಕೊಂಡು ಬಂದದ್ದೂ ಹೀಗೆ. ಸಂಜೆಯ ಲಿಂಗಪೂಜೆ ಮುಗಿದಾಗ ಮೂಲೆಯಲ್ಲಿ ಪ್ಲಾಸ್ಟಿಕ್ಕಿನ ಹೊದಿಕೆಯಲ್ಲಿ ಉಸಿರುಗಟ್ಟಿ ಕುಳಿತ ಆ ಐದು ಡಬ್ಬಿಗಳು ಕಣ್ಣಿಗೆ ಬಿದ್ದವು. ಔರಾದದಲ್ಲಿ ಯಾರದೋ ಮನೆಗೆ ಸೇರುವ ವಸ್ತುಗಳು; ಪೂಜೆಯಿಲ್ಲದೆ ನನ್ನ ಹೊಸ್ತಿಲು ದಾಟಿ ಹೋದರೆ ಲೋಪ ಯಾರಿಗೆ? ಚಿಕ್ಕ ಕತ್ತರಿಯಿಂದ, ಒಂದು ಗೀರೂ ಬೀಳದಂತೆ, ಐದರ ಹೊದಿಕೆಯನ್ನೂ ಬಿಡಿಸಿದೆ. ಫೋನುಗಳನ್ನು ಮಣೆಯ ಮೇಲೆ ಸಾಲಾಗಿ ಮಲಗಿಸಿ, ಪ್ರತಿಯೊಂದಕ್ಕೂ ತ್ರಿಪುಂಡ್ರವಿಟ್ಟು, ಒಂದೊಂದು ಕಣಗಿಲೆ ಹೂವು ಏರಿಸಿ, ಊದುಬತ್ತಿ ಬೆಳಗಿದೆ. ಆ ಕರಿಯ ಗಾಜಿನ ಮೇಲೆ ಬಿಳಿಯ ವಿಭೂತಿ ಎಷ್ಟು ಚೆಂದ ಕಂಡಿತೆಂದರೆ, ಕೊಳ್ಳುವವರ ಭಾಗ್ಯವನ್ನು ನೆನೆದು ನನಗೆ ಕಣ್ಣು ತುಂಬಿ ಬಂತು.

ಬೆಳಗಿನ ರೈಲಿಗೆ ತಂಗಿ ಬಂದಳು. ಚಪ್ಪಲಿ ಬಿಡುತ್ತಲೇ ಹೇಳಿದಳು:

"ಔರಾದಕ್ಕ ಹೋಗೂದಿಲ್ಲಣ್ಣಾ. ರಾತ್ರಿನೇ ಫೋನ್ ಮಾಡಿದ್ದೆ. 'ಬೀದರದಾಗ ರಾಶಿ ಬಿದ್ದದಂತಲ್ರಿ ಅಕ್ಕಾವ್ರ, ನಾವೇ ಹೋಗಿ ತರ್ತೀವಿ' ಅಂದ್ರು ಎಲ್ಲರೂ. ಹ್ವಾದ್ರ ಹೋಗ್ಲಿ. ಅಂಗಡಿ ಯಜಮಾನರು ಪುಣ್ಯಾತ್ಮರು, ಸೀಲ್ ಒಡೀಲಾರದಂಗ ಇದ್ರ ಇವತ್ತಿನ ಮಟ ವಾಪಸ್ ತಗೋತೀವಿ ಅಂದಾರ. ಫಾಯ್ದಾ ಇಲ್ಲ, ನುಕಸಾನೂ ಇಲ್ಲ. ಭಿಶಿ ಉಳೀತು, ಶಿವಾ ಅಂತ ಕುಂತೀನಿ. ಡಬ್ಬಿ ಎಲ್ಲವ?"

ನಾನು ಮಣೆಯ ಕಡೆಗೆ ಕೈ ತೋರಿಸಿದೆ.

ಆಕೆ ಮಣೆಯ ಹತ್ತಿರ ಹೋಗಿ ಬಿಡಿಸಿದ ಹೊದಿಕೆಗಳನ್ನು ಒಂದೊಂದಾಗಿ ಎತ್ತಿ ನೋಡಿದಳು. ಆಮೇಲೆ ಬಗ್ಗಿ, ಅಭ್ಯಾಸಬಲದಿಂದ, ಐದಕ್ಕೂ ನಮಸ್ಕಾರ ಮಾಡಿದಳು. ಎದ್ದು ಕುಳಿತು ಕೇಳಿದಳು:

"ಯಾರ್ ಹೇಳಿದ್ರಣ್ಣಾ ನಿನಗ?"

"ಜ್ವಾಕಿಯಿಂದ ನೋಡ್ಕೋ ಅಂತ ನೀನೇ ಹೇಳಿದ್ದಿ."

"ನೋಡ್ಕೋ ಅಂದಿದ್ದೆ. ಉದ್ಧಾರ ಮಾಡು ಅಂದಿದ್ದಿಲ್ಲ."

ಸೀಲು ಎಂಬ ಆ ತೆಳ್ಳನೆಯ ಹಾಳೆಯಲ್ಲಿ ಇಡೀ ಭಿಶಿ ಅಡಗಿತ್ತೆಂಬುದು ನನಗೆ ಆಗ ಅರಿವಾಯಿತು. ಹಿಂದಿನ ದಿನ ಮಾಲಿನ ಮಳೆ ಸುರಿಸಿದ ಕಂಪನಿ ತಂಗಿಯ ಲಾಭವನ್ನಷ್ಟೇ ಕೊಚ್ಚಿಕೊಂಡು ಹೋಗಿತ್ತು. ಅಸಲಿಗೆ ಕತ್ತರಿ ಹಾಕಿದವನು ನಾನು. ನಷ್ಟವನ್ನು ನನ್ನ ಪಿಂಚಣಿಯಿಂದ ತುಂಬುತ್ತೇನೆಂದೆ. ತಂಗಿ ಒಪ್ಪಲಿಲ್ಲ. "ಪೂಜಾ ಮಾಡಿದಾಂವನ ಕೈಲೆ ದಂಡ ಕಟ್ಟಿಸ್ಕೊಂಡು ಆ ಪೆಟ್ಟಿಗಿ ಮುಂದ ಏನಂತ ಹಾಡಲಿ?" ಎಂದಳು. ಕೊನೆಗೆ ಒಂದು ಫೋನನ್ನು ಬಿಲ್ಲಿನ ದರಕ್ಕೆ ನಾನೇ ಕೊಳ್ಳುವುದಕ್ಕೆ ಮಾತ್ರ ಸಮ್ಮತಿಸಿದಳು. ಉಳಿದ ನಾಲ್ಕನ್ನು ಚೀಲದಲ್ಲಿಟ್ಟುಕೊಂಡು ಅಣ್ಣ ತಂಗಿ ಔರಾದದ ಬಸ್ಸು ಹತ್ತಿದೆವು.

ಅಲ್ಲಿ ದಲಾಲಿಗೆ ತೊಗರಿ ಮಾರಿಕೊಡುವ ಅಡತಿ ಅಂಗಡಿಯೊಂದರ ಗಾದಿಯ ಮೇಲೆ ಕುಳಿತ ಯಜಮಾನರು ನಮ್ಮನ್ನು ಆದರದಿಂದ ಬರಮಾಡಿಕೊಂಡರು. ಹಿಂದಿನ ಎರಡು ಸಲವೂ ಅವರು ತಂಗಿಯ ಗಿರಾಕಿ. ಡಬ್ಬಿಯನ್ನು ಮೇಲೆ ಕೆಳಗೆ ತಿರುಗಿಸಿ ನೋಡಿದರು.

"ಅಕ್ಕಾವ್ರ, ಸೀಲ್ ಒಡದಂಗ ಅದಲ್ರಿ?"

ನಾನು ಮುಂದಾದೆ. "ಒಡದಿಲ್ರಿ. ಪೂಜಾ ಆಗ್ಯದ."

ಅವರು ಡಬ್ಬಿ ತೆರೆದರು. ಒರೆಸಿದರೂ ಮೂಲೆಯಲ್ಲಿ ಉಳಿದಿದ್ದ ವಿಭೂತಿಯನ್ನು ಬೆರಳಿಗೆ ತಗುಲಿಸಿಕೊಂಡು ಭಕ್ತಿಯಿಂದ ಹಣೆಗೆ ಹಚ್ಚಿಕೊಂಡರು. ಫೋನನ್ನು ಎರಡೂ ಕಣ್ಣಿಗೊತ್ತಿಕೊಂಡರು. ನನ್ನಲ್ಲಿ ಆಸೆ ಚಿಗುರಿತು.

"ದೇವರಿಗಿ ಕೈ ಮುಗೀತೀನ್ರಿ ಗುರುಗಳ," ಎಂದರು. "ಆದ್ರ ವ್ಯಾಪಾರದಾಗ ಇದು ಸೆಕೆಂಡ್‌ಹ್ಯಾಂಡ್ ಆತ್ರಿ."

"ಯಾರೂ ಒಂದು ಮಾತು ಸೈತ ಆಡಿಲ್ರಿ ಅದರಾಗ," ಎಂದಳು ತಂಗಿ.

"ದೇವರು ಆಡ್ಯಾನಲ್ರಿ ಅಕ್ಕಾವ್ರ. ಅವನಕಿಂತ ಮೊದಲನೇ ಗಿರಾಕಿ ಯಾರದಾರ?"

ಗಾದಿಯ ಮೇಲಿದ್ದವರೆಲ್ಲ ನಕ್ಕರು. ನಗು ತಡೆಯಲಾರದೆ ತಂಗಿಯೂ ನಕ್ಕಳು. ನಗುತ್ತಲೇ ದರಕ್ಕೆ ಹಟ ಹಿಡಿದು ಅವರ ಮಾತಿಗಿಂತ ತುಸು ಮೇಲಕ್ಕೆ ಎಳೆದಳು. ನಾಲ್ಕೂ ಅಲ್ಲಿಯೇ ಹೋದವು, ಬಿಲ್ಲಿಗಿಂತ ಬಹಳ ಕೆಳಗೆ. ಬಳೆ ಅಂಗಡಿಯ ಹಣ ಅಂಗಡಿಗೆ ಮರಳಿದ ಮೇಲೆ ಭಿಶಿಯ ಗಂಟು ಬಡಕಲಾಗಿ ಉಳಿಯಿತು. ಬಸ್ಸಿನಲ್ಲಿ ಹಿಂದಿರುಗುವಾಗ ತಂಗಿ ಕಿಟಕಿಯ ಕಡೆ ಮುಖ ಮಾಡಿದ್ದಳು. ಆಕೆಯ ಹಟ, ಲೆಕ್ಕ, ಚಾತುರ್ಯ ಎಲ್ಲದರ ಹಿಂದೆ ಇದ್ದದ್ದು ಸೋಮವಾರದ ಹಾಡು ಒಂದೇ ಎಂಬುದನ್ನು ಬಲ್ಲ ನನಗೆ, ಆ ದಾರಿಯುದ್ದಕ್ಕೂ ಯಾವ ಶಾಸ್ತ್ರವೂ ನೆನಪಾಗಲಿಲ್ಲ.

ಶ್ರಾವಣ ಬಂತು. ಹೊಸ ಹಾರ್ಮೋನಿಯಂ ಬರಲಿಲ್ಲ. ಭಾತಂಬ್ರಾದ ಒಂದು ಭಜನಾ ಮಂಡಳಿಯವರು ತಮ್ಮ ಹಳೆಯದನ್ನು ಕೊಡುವವರಿದ್ದಾರೆಂದು ತಿಳಿದು, ಉಳಿದ ಹಣಕ್ಕೆ ತಂಗಿ ಅದನ್ನೇ ತಂದಳು. ತಿದಿ ಗಟ್ಟಿ, ನಾದ ಜೇನಿನಂಥದು. ಆದರೆ ತಂಗಿಯ ಬಳಗ ಹಾಡುವ ಶ್ರುತಿಗೆ ಪಂಚಮವಾಗಿ ಒದಗುವ ಪಟ್ಟಿಯೊಂದು ಮೂಕ. ಎಷ್ಟು ಒತ್ತಿದರೂ ಅದು ಬಾಯಿ ಬಿಡದು.

ಮೊದಲ ಸೋಮವಾರ ಓಣಿಯವರೆಲ್ಲ ಕೂಡಿದ್ದರು. ನಾನು ಗೋಡೆಗೊರಗಿ, ಕಣ್ಣು ಮುಚ್ಚಿ ಕುಳಿತೆ. ಹಾಡು ಏರುತ್ತ ಬಂದು ಆ ಸ್ವರದ ಹೊಸ್ತಿಲಿಗೆ ತಲುಪಿದಾಗ ಪೆಟ್ಟಿಗೆ ಸುಮ್ಮನಾಯಿತು. ಆ ಕ್ಷಣದಲ್ಲಿ ಐವರು ಹೆಂಗಸರೂ ಪಂಚಮವನ್ನು ತಮ್ಮ ಕಂಠದಿಂದಲೇ ಎತ್ತಿ ಹಿಡಿದರು. ಎಷ್ಟು ಗಟ್ಟಿಯಾಗಿ ಎಂದರೆ ನಾನು ಬೆಚ್ಚಿ ಕಣ್ಣು ತೆರೆದೆ. ಐವರೂ ನನ್ನನ್ನೇ ನೋಡುತ್ತಿದ್ದರು.

ಹಾಡು ಮುಗಿದ ಮೇಲೆ ತಂಗಿ ಬೆವರು ಒರೆಸಿಕೊಳ್ಳುತ್ತ ಹೇಳಿದಳು:

"ಆ ಒಂದು ಸ್ವರ ನಿನ್ನ ಹೆಸರಿಗಿ ಬರದೀವಿ ಅಣ್ಣಾ. ಸೋಮವಾರ ಸೋಮವಾರ ಬಂದು ಕುಂದ್ರು. ನೀ ಎದುರಿಗಿದ್ರ ಅದು ಚಂದ ಏಳ್ತದ."

ಶ್ರಾವಣದ ಉಳಿದ ಸೋಮವಾರಗಳಲ್ಲಿ ಒಂದನ್ನೂ ನಾನು ತಪ್ಪಿಸಲಿಲ್ಲ.